ಸ್ಕಂದಗಿರಿ ಸೀಮೆಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಹೊಸ ಔಷಧಿ: ಒಂದು ಸಂಶೋಧನಾ ಟಿಪ್ಪಣಿ

ಸ್ಕಂದಗಿರಿ ಸೀಮೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬಂದವರಿಗೆ ಹೊಸ ಕೀಮೋ ಔಷಧಿಗಳು ಎಷ್ಟರ ಮಟ್ಟಿಗೆ ಎಟುಕುತ್ತವೆ ಎಂಬುದು ಈ ಟಿಪ್ಪಣಿಯ ವಿಷಯ. ಇಂಥ ಚರ್ಚೆ ಸಾಮಾನ್ಯವಾಗಿ ಬೆಲೆಯಿಂದ ಶುರುವಾಗಿ ಬೆಲೆಯಲ್ಲೇ ಮುಗಿಯುತ್ತದೆ. ಬೆಲೆ ಸಣ್ಣ ವಿಷಯವಲ್ಲ, ನಿಜ. ಆದರೆ ಆಪರೇಷನ್ ಆದ ಮೇಲೆ ರೋಗ ಮರಳದಂತೆ ತಡೆಯುವ ಔಷಧಿಗಳ ಪೇಟೆಂಟ್ ಎಂದೋ ಮುಗಿದಿದೆ, ಅವು ನಮ್ಮ ದೇಶದಲ್ಲೇ ತಯಾರಾಗುತ್ತಿವೆ. ಹಾಗಿದ್ದೂ ಅವು ಈ ಸೀಮೆಯ ರೋಗಿಗೆ ಸಕಾಲಕ್ಕೆ, ಸರಿಯಾದ ಕ್ರಮದಲ್ಲಿ ಸಿಗಬೇಕಾದರೆ ದೂರ, ದಿನಗೂಲಿ, ಪರೀಕ್ಷೆಯ ವರದಿ ಮತ್ತು ಕೈಕಸುಬು ಈ ನಾಲ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂಬುದು ನನ್ನ ವಾದ.

ಈ ರೋಗಕ್ಕೆ ದಶಕಗಳ ಕಾಲ ಇದ್ದ ಆಸರೆ 1957ರಲ್ಲಿ ವರದಿಯಾದ 5-ಎಫ್‌ಯು ಒಂದೇ. ಜಪಾನಿನ ನಗೋಯದಲ್ಲಿ ಯೋಶಿನೋರಿ ಕಿದಾನಿ 1976ರಲ್ಲಿ ಆಕ್ಸಾಲಿಪ್ಲಾಟಿನ್ ಸಂಯುಕ್ತವನ್ನು ತಯಾರಿಸಿದರೂ ಫ್ರಾನ್ಸ್ ಅದಕ್ಕೆ ಅನುಮತಿ ಕೊಟ್ಟದ್ದು 1996ರಲ್ಲಿ, ಅಮೆರಿಕ ಕೊಟ್ಟದ್ದು 2002ರಲ್ಲಿ. ಹಳೆಯ ಔಷಧಿಯ ಜೊತೆ ಇದನ್ನು ಸೇರಿಸಿದಾಗ ಮೂರು ವರ್ಷ ರೋಗ ಮರಳದೆ ಉಳಿದವರ ಪ್ರಮಾಣ ಶೇ. 72.9ರಿಂದ ಶೇ. 78.2ಕ್ಕೆ ಏರಿತೆಂದು 2004ರಲ್ಲಿ ಪ್ರಕಟವಾದ ‘ಮೊಸಾಯಿಕ್’ ಪ್ರಯೋಗ ತೋರಿಸಿತು. ಮರುವರ್ಷ, ಕ್ಯಾಪೆಸಿಟಬೀನ್ ಮಾತ್ರೆಯು 5-ಎಫ್‌ಯು ಇಂಜೆಕ್ಷನ್ನಿಗೆ ಕಡಿಮೆಯೇನಲ್ಲ ಎಂಬುದೂ ಸಿದ್ಧವಾಯಿತು. ಆಸ್ಪತ್ರೆಯಿಂದ ದೂರದಲ್ಲಿ ಬದುಕುವವರಿಗೆ ಈ ಮಾತ್ರೆಯಷ್ಟು ಉಪಕಾರ ಮಾಡಿದ ಔಷಧಿ ಈ ರೋಗದಲ್ಲಿ ಇನ್ನೊಂದಿಲ್ಲ.

ಈ ರೋಗಕ್ಕೆ ಕೊಡುವ ಇನ್ನೊಂದು ಔಷಧಿಯಾದ ಇರಿನೋಟೆಕಾನ್‌ನ ಮೂಲ ನಮಗೆ ಇನ್ನೂ ಹತ್ತಿರದ್ದು. ಅದನ್ನು ತಯಾರಿಸುವುದು ಕ್ಯಾಂಪ್ಟೊಥೆಸಿನ್ ಎಂಬ ಸಸ್ಯಜನ್ಯ ವಸ್ತುವಿನಿಂದ. 1966ರಲ್ಲಿ ಚೀನಾ ಮೂಲದ ಮರವೊಂದರಲ್ಲಿ ಕಂಡ ಈ ವಸ್ತು ನಮ್ಮ ಪಶ್ಚಿಮ ಘಟ್ಟದ ನೋತಪೋಡೈಟಿಸ್ ಮರದಲ್ಲೂ ಇದೆಯೆಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ವರದಿ ಮಾಡಿದರು. ಬೇಡಿಕೆ ಹೆಚ್ಚಿದಂತೆ ಕಾಡಿನಲ್ಲಿ ಈ ಮರಗಳನ್ನು ಬೇಕಾಬಿಟ್ಟಿ ಕಡಿದು ಸಾಗಿಸಲಾಯಿತು. ಘಟ್ಟದ ಯಾವ ಭಾಗದ ಮರದಲ್ಲಿ ಈ ಅಂಶ ಎಷ್ಟಿದೆ ಎಂದು ಹುಡುಕಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಅವರ ಸಂಗಡಿಗರು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಬಸ್ಸು ಹೆಬ್ಬಾಳ ಮುಟ್ಟುವ ಮೊದಲು ಆ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮುಂದೆ ಹಾದುಹೋಗುತ್ತದೆ. ನಮ್ಮ ಘಟ್ಟದಲ್ಲೇ ಮೂಲವಸ್ತು ಇರುವ ಈ ಔಷಧಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಅತ್ಯವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತ್ತು. ಭಾರತದ ಪಟ್ಟಿಗೆ ಅದು ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಈ ಏಳು ವರ್ಷಗಳ ತಡಕ್ಕೆ ಸಮರ್ಥನೆ ಇದೆಯೆಂದು ನನಗೆ ತೋರುವುದಿಲ್ಲ.

ಈಗ ದೂರದ ವಿಚಾರ. ಈ ಸೀಮೆಯವರು ‘ಕಿದ್ವಾಯಿ’ ಎಂದಷ್ಟೇ ಹೇಳುವ, 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಎಂಬ ಕ್ಯಾನ್ಸರ್ ಆಸ್ಪತ್ರೆ ಇರುವುದು ಬೆಂಗಳೂರಿನ ದಕ್ಷಿಣದ ಹೊಸೂರು ರಸ್ತೆಯ ಕಡೆ. ಉತ್ತರದಿಂದ ಬರುವವರು ಊರಿನಿಂದ ಬೆಂಗಳೂರಿಗೆ ಬಂದ ಮೇಲೆ ಇಡೀ ನಗರವನ್ನೇ ದಾಟಬೇಕು. ಕೀಮೋದ ಎರಡು ಕ್ರಮಗಳ ನಡುವಿನ ವ್ಯತ್ಯಾಸ ಮುಖ್ಯವಾಗುವುದು ಇಲ್ಲಿಯೇ. ‘ಫಾಲ್‌ಫಾಕ್ಸ್’ ಕ್ರಮದಲ್ಲಿ ಎರಡು ವಾರಕ್ಕೊಮ್ಮೆ, ಆಕ್ಸಾಲಿಪ್ಲಾಟಿನ್ ಜೊತೆಗೆ ಪ್ರತಿ ಸಲವೂ 46 ಗಂಟೆ 5-ಎಫ್‌ಯು ನರಕ್ಕೆ ಹರಿಯುತ್ತಿರಬೇಕು. ಆರು ತಿಂಗಳಿಗೆ 12 ಸರದಿ. ‘ಕೇಪಾಕ್ಸ್’ ಕ್ರಮದಲ್ಲಿ ಮೂರು ವಾರಕ್ಕೊಮ್ಮೆ ಎರಡು ಗಂಟೆಯ ಆಕ್ಸಾಲಿಪ್ಲಾಟಿನ್ ಡ್ರಿಪ್, ಉಳಿದದ್ದು ಮನೆಯಲ್ಲಿ ಊಟವಾದ ಅರ್ಧ ಗಂಟೆಯೊಳಗೆ ನುಂಗುವ ಕ್ಯಾಪೆಸಿಟಬೀನ್ ಮಾತ್ರೆ. ಸಾಧಾರಣ ಮೈಕಟ್ಟಿನವರಿಗೆ 500 ಮಿ.ಗ್ರಾಂ.ನ ಮೂರು ಮಾತ್ರೆ ಬೆಳಿಗ್ಗೆ, ಮೂರು ರಾತ್ರಿ, ಹೀಗೆ 14 ದಿನ. ಮೂರು ತಿಂಗಳಿಗೆ ನಾಲ್ಕೇ ಸರದಿ.

ಮೂರು ತಿಂಗಳು ಸಾಕೇ? ಆರು ಪ್ರಯೋಗಗಳ 12,834 ರೋಗಿಗಳನ್ನು ಒಟ್ಟಿಗೆ ಪರಿಶೀಲಿಸಿ 2018ರಲ್ಲಿ ಪ್ರಕಟವಾದ ‘ಐಡಿಯಾ’ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಗೆಡ್ಡೆ ಕರುಳಿನ ಹೊರಪೊರೆಯನ್ನು ಸೀಳದೆ, ಪಕ್ಕದ ಅಂಗಗಳಿಗೆ ಹಾಯದೆ, ಒಂದರಿಂದ ಮೂರು ದುಗ್ಧಗ್ರಂಥಿಗಳಿಗೆ ಮಾತ್ರ ರೋಗ ತಗುಲಿದವರಲ್ಲಿ ಮೂರು ವರ್ಷ ರೋಗ ಮರಳದೆ ಉಳಿದವರ ಪ್ರಮಾಣ ಮೂರು ತಿಂಗಳ ಚಿಕಿತ್ಸೆಗೆ ಶೇ. 83.1, ಆರು ತಿಂಗಳಿಗೆ ಶೇ. 83.3. ರೋಗ ಇದಕ್ಕಿಂತ ಮುಂದುವರಿದವರಿಗೆ ಆರು ತಿಂಗಳೇ ಬೇಕಾಗಬಹುದು. ಅದು ವೈದ್ಯರು ತೀರ್ಮಾನಿಸಬೇಕಾದ ಮಾತು. ಕೇಪಾಕ್ಸ್ ಪಡೆದವರಲ್ಲಿ ನರಗಳ ಹಾನಿ ಗಣನೀಯವಾಗಿ ಕಂಡದ್ದು ಮೂರು ತಿಂಗಳಲ್ಲಿ ಶೇ. 15ರಷ್ಟು ಜನಕ್ಕೆ, ಆರು ತಿಂಗಳಲ್ಲಿ ಶೇ. 45ರಷ್ಟು ಜನಕ್ಕೆ.

ಈ ಕೊನೆಯ ಅಂಕಿಯನ್ನು ಶಿಡ್ಲಘಟ್ಟದಲ್ಲಿ ನಿಂತು ಓದಬೇಕು. ಅಲ್ಲಿನ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಬೇಯಿಸಿದ ರೇಷ್ಮೆ ಗೂಡುಗಳು ಬಿಸಿನೀರಿನ ಬೇಸಿನ್ನಿನಲ್ಲಿ ತೇಲುತ್ತಿರುತ್ತವೆ. ಕೆಲಸದವರು ಆ ನೀರಿಗೆ ಕೈಯಿಟ್ಟು, ಕಣ್ಣಿಗೆ ಕಾಣದಷ್ಟು ನವಿರಾದ ಎಳೆಯ ತುದಿಯನ್ನು ಬೆರಳಿನ ಸ್ಪರ್ಶದಿಂದಲೇ ಹಿಡಿದು, ಹಲವು ಎಳೆ ಕೂಡಿಸಿ ರಾಟೆಗೆ ಹತ್ತಿಸುತ್ತಾರೆ. ಎಳೆ ತುಂಡಾದರೆ ಮತ್ತೆ ಹುಡುಕಬೇಕು. ಆಕ್ಸಾಲಿಪ್ಲಾಟಿನ್ ಮೊದಲು ಕೆಡಿಸುವುದು ಬೆರಳ ತುದಿಯ ಸ್ಪರ್ಶವನ್ನೇ. ಡ್ರಿಪ್ ಆದ ಕೆಲವು ದಿನ ತಣ್ಣೀರು ಮುಟ್ಟಿದರೆ ಶಾಕ್ ಹೊಡೆದಂತಾಗುತ್ತದೆ. ಸರದಿ ಹೆಚ್ಚಿದಂತೆ ಜೋಮು ವರ್ಷಗಟ್ಟಲೆ ಉಳಿಯಬಹುದು. ಕ್ಯಾಪೆಸಿಟಬೀನ್‌ನಿಂದ ಅಂಗೈ, ಅಂಗಾಲು ಕೆಂಪಾಗಿ, ಉರಿದು, ಚರ್ಮ ಸುಲಿಯಬಹುದು. ಬಿಸಿನೀರು, ತಿಕ್ಕಾಟ ಎರಡೂ ಅದನ್ನು ಹೆಚ್ಚಿಸುತ್ತವೆ. ಐಡಿಯಾದ ಪ್ರಯೋಗಗಳು ಭಾರತದಲ್ಲಿ ನಡೆದವಲ್ಲ. ರೋಗಿಯ ಕಸುಬನ್ನು ಅವು ಕೇಳಿದ್ದೂ ಅಲ್ಲ. ಆದ್ದರಿಂದ ನಮ್ಮಲ್ಲಿ ಕೀಮೋ ಬರೆದುಕೊಡುವವರು ‘ಏನು ಕೆಲಸ ಮಾಡ್ತೀಯಮ್ಮ?’ ಎಂದು ಮೊದಲೇ ಕೇಳುವುದು ಚಿಕಿತ್ಸೆಯ ಭಾಗವಾಗಬೇಕು. ಮೂರು ತಿಂಗಳು ಸಾಕಾಗುವ ರೋಗಿಗೆ ಆರು ತಿಂಗಳು ಕೊಟ್ಟರೆ ಆ ಕುಟುಂಬ ಕಸುಬನ್ನೇ ಕಳೆದುಕೊಳ್ಳಬಹುದು.

ವಿಳಂಬಕ್ಕೂ ಲೆಕ್ಕವಿದೆ. ಆಪರೇಷನ್ನಿನ ನಂತರ ಕೀಮೋ ಆರಂಭವಾಗುವುದು ಪ್ರತಿ ನಾಲ್ಕು ವಾರ ತಡವಾದಂತೆ ಸಾವಿನ ಅಪಾಯ ಸುಮಾರು ಶೇ. 14ರಷ್ಟು ಏರುತ್ತದೆಂದು 2011ರ ಒಂದು ಸಮಗ್ರ ವಿಶ್ಲೇಷಣೆ ಹೇಳುತ್ತದೆ. ಮೊದಲ ಪತ್ರ, ಕಾರ್ಡು, ಶಿಫಾರಸು, ಮತ್ತೊಮ್ಮೆ ಸ್ಕ್ಯಾನ್ ಎಂದು ಕಳೆದುಹೋಗುವ ದಿನಗಳು ಇದರಲ್ಲೇ ಸೇರುತ್ತವೆ.

ಹಣದ ಮಟ್ಟಿಗೆ ವ್ಯವಸ್ಥೆ ಇಲ್ಲವೆಂದು ಹೇಳಲಾಗದು. 2018ರ ಅಕ್ಟೋಬರಿನಲ್ಲಿ ಜೊತೆಗೂಡಿದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಎಪಿಎಲ್ ಕುಟುಂಬಕ್ಕೆ ಸಿಗುವುದು ಪ್ಯಾಕೇಜ್ ದರದ ಶೇ. 30 ಮಾತ್ರ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಜನೌಷಧಿ ಮಳಿಗೆಗಳ ಪಟ್ಟಿಯಲ್ಲಿ ಕ್ಯಾಪೆಸಿಟಬೀನ್ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದರವಿಲ್ಲ. ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಗೌರಿಬಿದನೂರಿನವರಿಗೆ ಇದು ನೇರವಾಗಿ ಒದಗುತ್ತದೆ. ರೋಗಿಯದೂ ಜೊತೆಗೆ ಬಂದವರದೂ ತಪ್ಪಿದ ಕೂಲಿಯನ್ನು ಮಾತ್ರ ಇವು ಯಾವುವೂ ತುಂಬಿಕೊಡುವುದಿಲ್ಲ.

ರೋಗ ಯಕೃತ್ತಿಗೋ ಶ್ವಾಸಕೋಶಕ್ಕೋ ಹಬ್ಬಿದವರ ಮಾತು ಬೇರೆ. ಅಮೆರಿಕದಲ್ಲಿ 2004ರಲ್ಲಿ ಬಂದ ಬೆವಾಸಿಜುಮ್ಯಾಬ್, ಕೀಮೋ ಜೊತೆ ಸೇರಿದಾಗ ಬದುಕುಳಿದ ಅವಧಿಯ ಮಧ್ಯಾಂಕವನ್ನು 15.6ರಿಂದ 20.3 ತಿಂಗಳಿಗೆ ಏರಿಸಿತು. ಅದನ್ನು ಹೋಲುವ ಬಯೋಸಿಮಿಲರ್ ಔಷಧಿಯನ್ನು ಬೆಂಗಳೂರಿನದೇ ಬಯೋಕಾನ್ 2017ರ ನವೆಂಬರಿನಲ್ಲಿ ಮಾರುಕಟ್ಟೆಗೆ ತಂದಿತು. ಹೀಗೆ ಸ್ಪರ್ಧೆ ಬಂದಲ್ಲಿ ಬೆಲೆ ಇಳಿಯುತ್ತದೆ. ಪೇಟೆಂಟ್ ಉಳಿದಿರುವಲ್ಲಿ ಕಾನೂನಿನ ದಾರಿಯೂ ಇದೆ: 2012ರಲ್ಲಿ ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರಿನ ಸೊರಾಫೆನಿಬ್‌ಗೆ ಕಡ್ಡಾಯ ಪರವಾನಗಿ (ಪೇಟೆಂಟ್ ಇದ್ದರೂ ಬೇರೆಯವರು ತಯಾರಿಸಲು ಅನುಮತಿ) ಕೊಟ್ಟಾಗ ತಿಂಗಳ ಖರ್ಚು ಸುಮಾರು 2.8 ಲಕ್ಷದಿಂದ 8,880 ರೂಪಾಯಿಗೆ ಇಳಿಯಿತು. ಆ ದಾರಿಯನ್ನು ಮತ್ತೆ ತುಳಿಯಲು ಸರಕಾರಗಳು ಹಿಂಜರಿದಿರುವುದು ವಿಷಾದದ ಸಂಗತಿ.

ಪೆಂಬ್ರೊಲಿಜುಮ್ಯಾಬ್ ಇನ್ನೂ ಲಕ್ಷಗಳ ಲೆಕ್ಕದ ಔಷಧಿ. ‘ಎಂಎಂಆರ್’ ದೋಷ, ಅಂದರೆ ಡಿಎನ್ಎ ತಪ್ಪು ತಿದ್ದುವ ವ್ಯವಸ್ಥೆಯ ದೋಷವಿರುವ ಗೆಡ್ಡೆಗಳಲ್ಲಿ ಅದು ರೋಗವನ್ನು 16.5 ತಿಂಗಳು ಹಿಡಿದಿಟ್ಟರೆ ಕೀಮೋ 8.2 ತಿಂಗಳು ಹಿಡಿದಿಟ್ಟಿತು. ಆದರೆ ಹಬ್ಬಿದ ರೋಗದವರಲ್ಲಿ ಈ ದೋಷ ಇರುವುದು ನೂರಕ್ಕೆ ನಾಲ್ಕೈದು ಜನರಲ್ಲಿ. ಯಾರಿಗೆ ಬೇಕೆಂದು ಹೇಳುವುದು ಬಯಾಪ್ಸಿ ತುಣುಕಿನ ಮೇಲೆ ಮಾಡುವ ಪರೀಕ್ಷೆ. ಅದನ್ನು ಎಲ್ಲರಿಗೂ ಮಾಡದೆ ಔಷಧಿಯ ಬೆಲೆಯನ್ನಷ್ಟೇ ಚರ್ಚಿಸಿದರೆ ಉಳಿದ 95 ಜನ ಸಾಲ ಮಾಡಿ ನಿರರ್ಥಕ ಔಷಧಿ ಕೊಳ್ಳುವ ಅಪಾಯವಿದೆ.

ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ತೆರೆಯುವ ನಿರ್ಧಾರ 2025ರ ಕೇಂದ್ರ ಬಜೆಟ್ಟಿನಲ್ಲಿತ್ತು. ಅದೇ ವರ್ಷ ಕರ್ನಾಟಕವೂ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಕೆಲಸ ಆರಂಭಿಸಿತು. ಕೇಪಾಕ್ಸ್ ಇಂಥ ಕೇಂದ್ರಕ್ಕೆ ಹೇಳಿಮಾಡಿಸಿದ ಚಿಕಿತ್ಸೆ: ಮೊದಲ ಸರದಿ ಬೆಂಗಳೂರಿನಲ್ಲಿ, ಉಳಿದವು ಜಿಲ್ಲೆಯಲ್ಲಿ, ನಡುವಿನ ರಕ್ತಪರೀಕ್ಷೆ ತಾಲ್ಲೂಕಿನಲ್ಲಿ. ನಾಲ್ಕೂ ತಾಲ್ಲೂಕುಗಳಿಗೆ ಈ ಏರ್ಪಾಡು ಖಾಯಂ ಆಗಬೇಕು.

ಅಲ್ಲಿಯವರೆಗೆ ಮನೆಯವರಲ್ಲಿ ಒಂದು ವಿನಂತಿ. ಆಪರೇಷನ್ ಆದ ಆಸ್ಪತ್ರೆಯಿಂದ ಬಯಾಪ್ಸಿ ವರದಿಯ ಜೊತೆ ಗೆಡ್ಡೆಯ ತುಣುಕಿರುವ ಮೇಣದ ಬ್ಲಾಕ್ ಕೂಡ ಕೇಳಿ ಪಡೆಯಿರಿ. ಎಷ್ಟು ದುಗ್ಧಗ್ರಂಥಿ ನೋಡಿದ್ದಾರೆಂದು ಕೇಳಿ, ಕನಿಷ್ಠ 12 ಇರಬೇಕು. ಎಂಎಂಆರ್ ಪರೀಕ್ಷೆ ಆಗಿದೆಯೇ ಎಂದೂ ಕೇಳಿ. ಗಾಯ ಮಾಗಿದ ಕೂಡಲೇ, ತಿಂಗಳೊಳಗೆ, ಕ್ಯಾನ್ಸರ್ ವೈದ್ಯರನ್ನು ಕಾಣಿ. ಮಾತ್ರೆ ನುಂಗುವಾಗ ಭೇದಿ ಜೋರಾದರೆ ಅಥವಾ ಬಾಯಿ ಹುಣ್ಣಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ.