ಬಯಕೆ ಮತ್ತು ಕಾನೂನು

ಬಸುರಿಯ ಬಯಕೆ ತೀರಿಸುವುದು ನಮ್ಮ ನಾಡಿನಲ್ಲಿ ಪುಣ್ಯದ ಕೆಲಸ. ಇಳಕಲ್ಲು, ಕಮತಗಿಗಳಂಥ ನೇಕಾರರ ಊರುಗಳ ಸೀಮೆಯಲ್ಲಿ ಆಕೆಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕುಬಸ ಮಾಡುತ್ತಾರೆ. ಏನು ತಿನ್ನಲು ಮನಸ್ಸಾಗಿದೆಯೆಂದು ಕೇಳುತ್ತಾರೆ. ಆದರೆ ಈ ಬಸಿರು ನಿನಗೆ ಬೇಕೆ ಎಂದು ಕೇಳುವ ವಾಡಿಕೆ ಮನೆಯಲ್ಲಿಯೂ ಇರಲಿಲ್ಲ, ಕಾನೂನಿನಲ್ಲಿಯೂ ಇರಲಿಲ್ಲ.

ಬ್ರಿಟಿಷರು 1860ರಲ್ಲಿ ತಂದ ದಂಡಸಂಹಿತೆಯ 312ನೆಯ ಕಲಮಿನಂತೆ, ತಾಯಿಯ ಪ್ರಾಣ ಉಳಿಸುವುದಕ್ಕಲ್ಲದೆ ಮಾಡುವ ಗರ್ಭಪಾತ ಅಪರಾಧ. ತಾನೇ ಮಾಡಿಕೊಂಡ ಹೆಂಗಸೂ ಅಪರಾಧಿ. ಮರುವರ್ಷ ಐರ್ಲೆಂಡಿಗೂ ಇಂಥದೇ ಕಠಿಣ ಶಾಸನ ಬಂದಿತು. ಒಂದೇ ಆಳ್ವಿಕೆಯಿಂದ ಬಿಡುಗಡೆ ಪಡೆದ ಈ ಎರಡು ದೇಶಗಳು ಮುಂದೆ ಬೇರೆ ಬೇರೆ ದಾರಿ ಹಿಡಿದವು.

ನಮ್ಮಲ್ಲಿ ಕದ್ದುಮುಚ್ಚಿ ನಡೆಯುವ ಗರ್ಭಪಾತಗಳಿಂದ ಹೆಂಗಸರು ಸಾಯುವುದನ್ನು ಕಂಡು, 1964ರಲ್ಲಿ ಶಾಂತಿಲಾಲ ಶಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದರ ಶಿಫಾರಸುಗಳ ಫಲವಾಗಿ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆ ಹುಟ್ಟಿ, 1972ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಆಗ 12 ವಾರಗಳವರೆಗೆ ಒಬ್ಬ ವೈದ್ಯರ, 20 ವಾರಗಳವರೆಗೆ ಇಬ್ಬರ ಅಭಿಪ್ರಾಯ ಸಾಕಿತ್ತು. ಪ್ರಾಯಕ್ಕೆ ಬಂದವಳಾದರೆ ಆಕೆಯ ಒಪ್ಪಿಗೆಯೊಂದೇ ಬೇಕು, ಗಂಡನದು ಬೇಕಿಲ್ಲ.

ಐರ್ಲೆಂಡಾದರೋ 1983ರಲ್ಲಿ ಜನಮತ ಪಡೆದು, ಗರ್ಭಸ್ಥ ಶಿಶುವಿಗೂ ತಾಯಿಗೂ ಬದುಕುವ ಹಕ್ಕು ಸಮಾನವೆಂದು ಸಂವಿಧಾನದಲ್ಲಿಯೇ ಬರೆಯಿತು.

ಆ ಬರಹದ ಬೆಲೆ ಎಷ್ಟೆಂಬುದು ಕನ್ನಡ ನಾಡಿಗೆ 2012ರಲ್ಲಿ ತಿಳಿಯಿತು. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ 17 ವಾರಗಳ ಬಸುರಿಯಾಗಿ ಅಕ್ಟೋಬರ್ 21ರಂದು ಗಾಲ್ವೆಯ ಆಸ್ಪತ್ರೆ ಸೇರಿದರು. ಅದು ಅವರು ಬಯಸಿದ ಮಗು. ಗರ್ಭ ಉಳಿಯದೆಂದು ವೈದ್ಯರೇ ಹೇಳಿದ ಬಳಿಕ, ಅದನ್ನು ತೆಗೆಯಿರೆಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ನಿಂತಿಲ್ಲವೆಂದು ಕೋರಿಕೆ ನಡೆಯಲಿಲ್ಲ. ನಂಜು ರಕ್ತಕ್ಕೆ ಏರಿ, 28ರಂದು ತಮ್ಮ 31ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಶುಶ್ರೂಷೆಯ ಲೋಪಗಳೊಡನೆ ಕಾನೂನಿನ ಅಸ್ಪಷ್ಟತೆಯನ್ನೂ ವಿಚಾರಣೆಯ ವರದಿ ಎತ್ತಿ ತೋರಿಸಿತು. ತಾಯಿಯ ಪ್ರಾಣಕ್ಕೆ ಅಪಾಯ ಬಂದರೆ ಮಾತ್ರ ಎಂಬ ನಿಯಮದಲ್ಲಿ, ಅಪಾಯ ಬರುವವರೆಗೂ ಕಾಯಬೇಕೆಂಬ ಅರ್ಥ ಅಡಗಿತ್ತು. 2018ರ ಮೇ 25ರಂದು ಐರಿಷ್ ಮತದಾರರಲ್ಲಿ ಶೇಕಡಾ 66.4ರಷ್ಟು ಮಂದಿ ಆ ತಿದ್ದುಪಡಿಯನ್ನು ಕಿತ್ತುಹಾಕಲು ಮತ ನೀಡಿದರು. ಬೀದಿಬೀದಿಗಳಲ್ಲಿ ಸವಿತಾರ ಚಿತ್ರವಿತ್ತು.

ಹಾಗೆಂದು ನಾವು ಬೀಗುವಂತಿಲ್ಲ. 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ ಅವಧಿಯನ್ನು 24 ವಾರಗಳಿಗೆ ವಿಸ್ತರಿಸಿತು. ಅವಿವಾಹಿತೆಯರಿಗೂ ಅದು ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು. ಆದರೂ 312ನೆಯ ಕಲಮಿನ ಹುರುಳು 2024ರ ಜುಲೈ 1ರಿಂದ ಜಾರಿಯಾದ ನ್ಯಾಯಸಂಹಿತೆಯ 88ನೆಯ ಕಲಮಾಗಿ ಉಳಿದಿದೆ. ಮೂಲದಲ್ಲಿ ಅದು ಅಪರಾಧ. ವೈದ್ಯರು ಒಪ್ಪಿದರೆ ವಿನಾಯಿತಿ. ಇನ್ನೊಂದು ತೊಡಕೂ ಉಂಟು. ಗಂಡುಮಗುವಿನ ಹಂಬಲದಿಂದ ಹೆಣ್ಣುಭ್ರೂಣವನ್ನು ಕಳೆಯುವ ಮನೆಗಳಲ್ಲಿ ಹಿರಿಯರ ಆಸೆಯೇ ಸೊಸೆಯ ಒಪ್ಪಿಗೆಯ ವೇಷ ತೊಡುತ್ತದೆ. ಲಿಂಗಪತ್ತೆಯನ್ನು ನಿಷೇಧಿಸಿದ 1994ರ ಕಾಯಿದೆ ಬೇಕಾದದ್ದು ಈ ಕಾರಣಕ್ಕೆ.

ಇವೆರಡೂ ಬೇರೆ ಬೇರೆ ರೋಗಗಳೆಂದು ತೋರಿದರೂ ಬೇರು ಒಂದೇ: ನಿರ್ಧಾರ ಆಕೆಯದಲ್ಲ. ಕೇಳಿದವಳಿಗೆ ನಿರಾಕರಿಸುವುದೂ, ಕೇಳದವಳ ಮೇಲೆ ಹೇರುವುದೂ ಅವಳ ಮಾತನ್ನು ಲೆಕ್ಕಕ್ಕೆ ಹಿಡಿಯದ ಒಂದೇ ಚಾಳಿ. ಕಾನೂನು ಇಂದು ಆಕೆಯ ಒಪ್ಪಿಗೆಯನ್ನು ಕೇಳುತ್ತದೆ. ಆಕೆಯ ಬಯಕೆಯನ್ನು ಕೇಳುವಷ್ಟು ದೂರ ಅದಿನ್ನೂ ನಡೆದು ಬಂದಿಲ್ಲ.