ತವರಿನಿಂದ ಬಂದ ಕಾಯಿಲೆ

ಮಸಿನಗುಡಿಯ ನಮ್ಮ ಹಳೆಯ ಮನೆಯ ಹಿತ್ತಿಲ ಕಡೆಗೆ ಒಂದು ಸಣ್ಣ ಕೋಣೆಯಿತ್ತು. ಅದಕ್ಕಿದ್ದ ಒಂದೇ ಕಿಟಕಿಗೆ ಹಲಗೆಯಿಟ್ಟು ಮೊಳೆ ಹೊಡೆದಿತ್ತು. 1949ರಲ್ಲಿ ನಮ್ಮ ತಾತನ ತಮ್ಮ ಕೆಮ್ಮಿ ಕೆಮ್ಮಿ ರಕ್ತ ಕಾರತೊಡಗಿದಾಗ ಅವರನ್ನು ಅಲ್ಲಿ ಮಲಗಿಸಿ, ಥಂಡಿ ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿದರಂತೆ. ಎರಡು ವರ್ಷ ಅವರಿಗೆ ಗಂಜಿ ಕುಡಿಸಿ, ಬಟ್ಟೆ ಒಗೆದು, ರಾತ್ರಿ ಬಾಗಿಲ ಬಳಿಯೇ ಮಲಗಿ ನೋಡಿಕೊಂಡವರು ನಮ್ಮ ಅಜ್ಜಿ. 1951ರಲ್ಲಿ ಅವರು ತೀರಿಕೊಂಡರು. 1958ರಲ್ಲಿ ಅಜ್ಜಿಗೇ ಕೆಮ್ಮು ಹಿಡಿಯಿತು. ಆಗ ಮನೆಯ ಹಿರಿಯರು ತೀರ್ಪು ಕೊಟ್ಟರು: "ಇದು ಇವಳು ತವರಿನಿಂದ ತಂದದ್ದು. ಮೈದುನನಿಗೂ ಇವಳಿಂದಲೇ ಬಂತು."

ಆ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಲೇ ಬೆಳೆದೆ. ಅದು ಎಷ್ಟು ನಿಜ ಎಂದು ಹುಡುಕಹೊರಟಾಗ ಸಿಕ್ಕ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ರೋಗವನ್ನು ಯಾರ ಮೇಲಾದರೂ ಹೊರಿಸುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಪುರಾಣದ ಚಂದ್ರ ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾಗಿ ರೋಹಿಣಿಯೊಬ್ಬಳನ್ನೇ ಮೆಚ್ಚಿದ, ಮಾವ ಶಪಿಸಿದ, ರಾಜಯಕ್ಷ್ಮ ಬಂದು ಕರಗತೊಡಗಿದ. ಯುರೋಪಿನ ಬಹುಮಂದಿ ವೈದ್ಯರು ಬಹುಕಾಲ ಇದನ್ನು ವಂಶದ ರೋಗವೆಂದೇ ನಂಬಿದ್ದರು. 1865ರಲ್ಲಿ ಫ್ರಾನ್ಸಿನ ವಿಲ್ಮಾ ಎಂಬ ಸೇನಾವೈದ್ಯ ರೋಗಿಯ ಗಂಟಿನ ಪದಾರ್ಥವನ್ನು ಮೊಲಕ್ಕೆ ಚುಚ್ಚಿ, ಇದು ಅಂಟುವ ರೋಗವೆಂದು ತೋರಿಸಿದಾಗಲೂ ಹೆಚ್ಚಿನವರು ಕಿವಿಗೊಡಲಿಲ್ಲ. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ರೋಗಾಣುವನ್ನೇ ತೋರಿಸಿದ ಮೇಲೆ ವಾದಕ್ಕೆ ಎಡೆಯುಳಿಯಲಿಲ್ಲ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಅದು ದೇವಾಲ, ಪಂದಲೂರುಗಳ ಚಿನ್ನದ ಕಂಪನಿಗಳು ಮುಳುಗುತ್ತಿದ್ದ ಕಾಲ. ಗುಡಲೂರು ಸೀಮೆ ಮಲಬಾರಿನಿಂದ ನೀಲಗಿರಿಗೆ ಸೇರಿ ಆಗಿನ್ನೂ ಐದೇ ವರ್ಷವಾಗಿತ್ತು.

ರೋಗಾಣು ಮಾಡುವ ಕೆಲಸ ವಿಚಿತ್ರವಾದದ್ದು. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ, ಮಾತಾಡಿದಾಗ ಹೊರಬರುವ ತುಂತುರು ಗಾಳಿಯಲ್ಲೇ ಒಣಗಿ ಕಣ್ಣಿಗೆ ಕಾಣದ ಕಣವಾಗಿ ತೇಲುತ್ತದೆ. ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಹಾಗೆಯೇ ಇರುತ್ತದೆ. ಕಿಟಕಿ ತೆರೆದರೆ ಚದುರಿಹೋಗುತ್ತದೆ, ಬಿಸಿಲಿಗೆ ಸಾಯುತ್ತದೆ. ಆ ಕಣವನ್ನು ಉಸಿರಿನೊಡನೆ ಒಳಗೆಳೆದುಕೊಂಡರೆ ಅದು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಇಳಿಯುತ್ತದೆ. ಅಲ್ಲಿ ಕಾವಲಿರುವ ಬಿಳಿಯ ಕಣಗಳು ಅದನ್ನು ನುಂಗುತ್ತವೆ. ಬೇರೆ ರೋಗಾಣುವಾದರೆ ಅಲ್ಲಿಗೇ ಮುಗಿಯಿತು. ಆದರೆ ಇದಕ್ಕೆ ಮೇಣದಂಥ ದಪ್ಪ ಹೊದಿಕೆಯಿದೆ; ನುಂಗಿದ ಕಣದ ಹೊಟ್ಟೆಯಲ್ಲೇ ಬದುಕಿ, ಸುಮಾರು ದಿನಕ್ಕೊಮ್ಮೆ ಎರಡಾಗುತ್ತ ನಿಧಾನವಾಗಿ ಬೆಳೆಯುತ್ತದೆ. ದೇಹ ಇನ್ನಷ್ಟು ಕಣಗಳನ್ನು ಕಳಿಸಿ ಸುತ್ತ ಗೋಡೆ ಕಟ್ಟುತ್ತದೆ. ಆ ಗೋಡೆಯೇ ಗಂಟು. ಬಹುಮಂದಿಯಲ್ಲಿ ರೋಗಾಣು ಜೀವಮಾನವಿಡೀ ಅದರೊಳಗೇ ಬಿದ್ದಿರುತ್ತದೆ. ಅಂಥವರು ಕೆಮ್ಮುವುದಿಲ್ಲ, ಯಾರಿಗೂ ಅಂಟಿಸುವುದಿಲ್ಲ. ಸೋಂಕು ತಗಲಿದ ನೂರು ಮಂದಿಯಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಯಾವಾಗಲಾದರೂ ಗೋಡೆ ಒಡೆದು ರೋಗವಾಗುತ್ತದೆ. ಆಗ ಗಂಟಿನ ಒಳಗು ಗಿಣ್ಣಿನಂತೆ ಮೆತ್ತಗಾಗಿ, ಕರಗಿ, ಶ್ವಾಸಕೋಶದಲ್ಲಿ ಗುಳಿ ಬೀಳುತ್ತದೆ. ರಕ್ತನಾಳ ಸವೆದರೆ ಕಫದಲ್ಲಿ ರಕ್ತ.

ಒಡೆಯುವುದು ಎರಡೇ ವರ್ಷದಲ್ಲಾಗಬಹುದು, ಇಪ್ಪತ್ತು ವರ್ಷಕ್ಕೂ ಆಗಬಹುದು. ಹಸಿವು, ಸಕ್ಕರೆ ಕಾಯಿಲೆ, ಕಲ್ಲಿನ ಧೂಳು, ಹೊಗೆ, ಇತ್ತೀಚೆಗೆ ಎಚ್‌ಐವಿ, ಇವೆಲ್ಲ ಗೋಡೆಯನ್ನು ಸಡಿಲಿಸುತ್ತವೆ. ಆದ್ದರಿಂದ ಯಾರಿಗೆ ಯಾರಿಂದ ಬಂತೆಂದು ಇಷ್ಟು ವರ್ಷಗಳ ಮೇಲೆ ಖಂಡಿತವಾಗಿ ಹೇಳಲಾಗದು. ಆದರೆ ಮೊದಲು ಕೆಮ್ಮಿದವರು ಯಾರು, ಮುಚ್ಚಿದ ಕೋಣೆಯಲ್ಲಿ ಎರಡು ವರ್ಷ ಉಸಿರಾಡಿದವರು ಯಾರು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಜ್ಜಿಯನ್ನು ತೆಪ್ಪಕಾಡು, ಬಂಡೀಪುರ, ಗುಂಡ್ಲುಪೇಟೆಯ ದಾರಿಯಲ್ಲಿ ಮೈಸೂರಿಗೆ ಕರೆದೊಯ್ದರು. ಅಲ್ಲಿನ ಕ್ಷಯದ ಆಸ್ಪತ್ರೆ 1921ರದು. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರೂ ಅವರ ಮೂವರು ಹೆಣ್ಣುಮಕ್ಕಳೂ 1904ರಿಂದ 1913ರ ನಡುವೆ ಇದೇ ರೋಗದಿಂದ ಹೋದರು. ಅವರ ನೆನಪಿಗೆ ಸೋದರ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಅರಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಒಂದೇ ಸೂರಿನ ಗಾಳಿ ಅಲ್ಲಿಯೂ ಒಂದೇ.

ಚಿಕ್ಕತಾತನ ಕಾಲಕ್ಕೆ ಸ್ಟ್ರೆಪ್ಟೋಮೈಸಿನ್ ಬಂದಿತ್ತು. ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಅಜ್ಜಿಯ ಅದೃಷ್ಟ, 1952ರಲ್ಲಿ ಐಸೋನಿಯಾಜಿಡ್ ಎಂಬ ಅಗ್ಗದ ಮಾತ್ರೆ ಬಳಕೆಗೆ ಬಂತು. ಇನ್ನೊಂದು ಸಂಗತಿಯೂ ಆಗಲೇ ನಡೆಯುತ್ತಿತ್ತು. ಮದರಾಸಿನಲ್ಲಿ 1956ರಲ್ಲಿ ಸ್ಥಾಪನೆಯಾದ ಚಿಕಿತ್ಸಾ ಕೇಂದ್ರದವರು ಅರ್ಧ ರೋಗಿಗಳನ್ನು ಸ್ಯಾನಟೋರಿಯಮ್ಮಿನಲ್ಲಿಟ್ಟು, ಉಳಿದರ್ಧವನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲೇ ಬಿಟ್ಟು, ಇಬ್ಬರಿಗೂ ಒಂದೇ ಮಾತ್ರೆ ಕೊಟ್ಟರು. 1959ರಲ್ಲಿ ಪ್ರಕಟವಾದ ಫಲ ಜಗತ್ತನ್ನೇ ಬೆರಗುಗೊಳಿಸಿತು: ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಔಷಧ ಆರಂಭವಾದ ಮೇಲೆ ಮನೆಮಂದಿಗೆ ಅವರಿಂದ ವಿಶೇಷ ಅಪಾಯವೂ ಬರಲಿಲ್ಲ. ಬೆಟ್ಟದ ಹವೆ, ವಿಶ್ರಾಂತಿಗಳ ಮೇಲಿದ್ದ ನಂಬಿಕೆ ಅಲ್ಲಿಂದ ಇಳಿಯತೊಡಗಿತು. ಹವೆಗೆ ಹೆಸರಾದ ನೀಲಗಿರಿಯವನಾಗಿ ಇದನ್ನು ಬರೆಯುವಾಗ ನನಗೆ ಸ್ವಲ್ಪ ನಗು ಬರುತ್ತದೆ.

ಗುಣವಾಗಲು ಮಾತ್ರೆ ಸಾಕು. ಆದರೆ ರೋಗ ಏಳದಿರಲು? ಇದಕ್ಕೆ ನಮ್ಮ ಜಿಲ್ಲೆಯದೇ ಒಂದು ಹಳೆಯ ಉತ್ತರವಿದೆ. ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ 1920ರ ದಶಕದಲ್ಲಿ ಇಲಿಗಳಿಗೆ ಭಾರತದ ಬೇರೆಬೇರೆ ಪ್ರಾಂತಗಳ ಊಟ ಹಾಕಿ ನೋಡಿದರು. ಗೋದಿ, ಹಾಲು, ಸೊಪ್ಪು ತಿಂದವು ಗಟ್ಟಿಯಾಗಿದ್ದವು. ಬಡವರ ಅನ್ನದ ಊಟ ತಿಂದವು ಸೊರಗಿದವು. ಸುಮಾರು ನೂರು ವರ್ಷದ ನಂತರ, 2023ರಲ್ಲಿ, ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡಿನಲ್ಲಿ 2,800 ರೋಗಿಗಳ ಮನೆಗಳಲ್ಲಿ ಮಾಡಿದ ಅಧ್ಯಯನ ಹೊರಬಂತು. ಮನೆಮಂದಿಗೂ ಅಕ್ಕಿ, ಬೇಳೆ ಸೇರಿಸಿ ಕೊಟ್ಟ ಕಡೆ ಅವರಲ್ಲಿ ಹೊಸದಾಗಿ ಕ್ಷಯವಾಗುವುದು ಶೇಕಡಾ 39ರಷ್ಟು ಕಡಿಮೆಯಾಗಿತ್ತು. ಅದನ್ನು ಓದಿದಾಗ, ನಮ್ಮ ಅಜ್ಜಿ ಎಲ್ಲರಿಗೂ ಬಡಿಸಿ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದದ್ದು ನೆನಪಾಯಿತು. ಎಸ್ಟೇಟಿನ ಪಾಡಿಗಳಲ್ಲೂ ಹಾಡಿಗಳಲ್ಲೂ ಎಷ್ಟೋ ತಾಯಂದಿರು ಇಂದಿಗೂ ಹಾಗೆಯೇ.

ಅಜ್ಜಿ ಪೂರ್ತಿ ಗುಣವಾಗಿ ಬಂದು 1983ರವರೆಗೆ ಬದುಕಿದರು. ಆದರೂ ಇಪ್ಪತ್ತನಾಲ್ಕು ವರ್ಷ ಅವರ ತಟ್ಟೆ, ಲೋಟ ಬೇರೆಯಾಗಿಯೇ ಇದ್ದವು. ತಟ್ಟೆ ಲೋಟದಿಂದ ಈ ರೋಗ ಬರುವುದೇ ಇಲ್ಲ. ನಾವು ಮಕ್ಕಳು ಅವರ ತೊಡೆಯೇರಿದರೆ ಬೈಗುಳ ಅವರಿಗೇ ಬೀಳುತ್ತಿತ್ತು. ಅವರು ಒಮ್ಮೆಯೂ ಎದುರು ಮಾತಾಡಿದ್ದನ್ನು ನಾನು ಕಾಣೆ.

ಕೆಲವು ವರ್ಷಗಳ ಹಿಂದೆ ಅಜ್ಜಿಯ ತವರಾದ ಗುಂಡ್ಲುಪೇಟೆ ಬಳಿಯ ಹಳ್ಳಿಗೆ ಹೋಗಿ, ಉಳಿದಿದ್ದ ಹಿರಿಯರನ್ನೆಲ್ಲ ವಿಚಾರಿಸಿದೆ. ಆ ಮನೆಯಲ್ಲಿ ಹಿಂದೆಯಾಗಲಿ ಮುಂದೆಯಾಗಲಿ ಒಬ್ಬರಿಗೂ ಕ್ಷಯವಾದ ನೆನಪು ಅವರಿಗಿರಲಿಲ್ಲ. "ನಿಮ್ಮನೆಗೆ ಹೋದ ಮೇಲೇ ಅಲ್ವಾ ನಮ್ಮಕ್ಕಂಗೆ ಬಂದದ್ದು?" ಎಂದು ಅಜ್ಜಿಯ ಕೊನೆಯ ತಂಗಿ ನನ್ನನ್ನೇ ಕೇಳಿದರು.