ಒಂದೂವರೆ ಮೀಟರಿನ ಗೋಡೆ

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ, ಇಂದು ನಾವು ಮೈಸೂರು ಮೈನ್ಸ್ ಎನ್ನುವ ಮಾರಿಕುಪ್ಪದ ಸುತ್ತಲಿನ ನೆಲಕ್ಕೆ 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಸರ್ವೆ ಕೆಲಸದ ಮೇಲೆ ಬಂದಾಗ, ಊರ ಜನ ಆಗಲೇ ಚಿನ್ನಕ್ಕಾಗಿ ಹೊಂಡ ತೋಡುತ್ತಿದ್ದರು. ಹೊಂಡದೊಳಗೆ ಅಲ್ಲಲ್ಲಿ ನಿಂತವರು ಕಲ್ಲು ತುಂಬಿದ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮೇಲೆ ಹೆಂಗಸರು ಆ ಕಲ್ಲನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡುತ್ತಿದ್ದರು. ಬುಟ್ಟಿ ದಾಟಿಸುವ ಪ್ರತಿಯೊಬ್ಬನೂ ಕೆಲಸ ಮುಗಿಯುವ ತನಕ ಕಡಿದ ಗೋಡೆಯ ಮಗ್ಗುಲಲ್ಲೇ ನಿಂತಿರಬೇಕು. ಗೋಡೆ ಕುಸಿದರೆ ಸಾಲಿನಲ್ಲಿದ್ದವರಿಗೆಲ್ಲ ಒಂದೇ ಗತಿ. ವಾರನ್ ಬರೆದ ವರದಿಯಿಂದ ಚಿನ್ನದ ಆಸೆ ಹಬ್ಬಿತು, ಸಾವುಗಳೂ ಆದವು. ಕೊನೆಗೆ 1859ರಲ್ಲಿ ಸರ್ಕಾರ ನೆಲದಡಿಯ ಅಗೆತವನ್ನೇ ನಿಷೇಧಿಸಿತು. ಗೋಡೆಯನ್ನು ಹಿಡಿದು ನಿಲ್ಲಿಸುವ ಬಗೆ ಗೊತ್ತಿಲ್ಲದ ಕಾಲದಲ್ಲಿ ಅದಕ್ಕಿಂತ ಬೇರೆ ದಾರಿ ಇರಲಿಲ್ಲ. ಆ ಬಗೆಯನ್ನು ಈ ನೆಲ ಮುಂದೆ ಭಾರಿ ಬೆಲೆ ತೆತ್ತು ಕಲಿಯಿತು. ಕಲಿತದ್ದು ಗಣಿಯ ಬೇಲಿ ದಾಟಿ, ನಮ್ಮ ಬೀದಿಗಳಲ್ಲಿ ಪೈಪಿಗಾಗಿ ತೋಡುವ ಟ್ರೆಂಚ್‌ವರೆಗೆ ಬರಲಿಲ್ಲ ಎಂಬುದೇ ನನ್ನ ಸಂಕಟ.

ಆ ನಿಷೇಧದ ಕಾಲ ಕಳೆದು, 1880ರಲ್ಲಿ ಬ್ರಿಟಿಷ್ ಗಣಿ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ಕಾಲಿಟ್ಟ ಮೇಲೆ ಗಣಿಗಳು ಇಳಿಯುತ್ತಲೇ ಹೋದವು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಆಳ ಹೆಚ್ಚಿದಂತೆ ಬಂಡೆ ತನ್ನ ಒತ್ತಡಕ್ಕೆ ತಾನೇ ಸಿಡಿಯತೊಡಗಿತು. ಊರಿಗಾಂ ಗಣಿಯಲ್ಲಿ 1898ರಲ್ಲೇ ಇಂಥ ರಾಕ್ ಬರ್ಸ್ಟ್ ದಾಖಲಾಗಿದೆ. ಮರದ ಆಸರೆ ಸಾಲದೆ ಗ್ರಾನೈಟ್ ಕಲ್ಲಿನ ಗೋಡೆ ಬಂತು, ಅದೂ ಸಾಲದೆ ಕಾಂಕ್ರೀಟ್ ಬಂತು. 1955ರಲ್ಲಿ ರಾಕ್ ಬರ್ಸ್ಟ್ ಬಗ್ಗೆಯೇ ವಿಶೇಷ ಸಮಿತಿ ಕೂತಿತು, 1978ರಲ್ಲಿ ಕಂಪನ ಅಳೆಯುವ ಉಪಕರಣಗಳ ಜಾಲ ಬಂತು, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಇಲ್ಲೇ ಹುಟ್ಟಿತು. ಇಷ್ಟೆಲ್ಲ ಇದ್ದೂ ಜನ ಸಾಯಲಿಲ್ಲವೇ ಎಂದು ಕೇಳಬಹುದು. ಸತ್ತರು. ಬಂಡೆಗೆ ಸಿಕ್ಕವರ ಜೊತೆಗೆ, ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್‌ನಿಂದ ಕ್ಷೀಣಿಸಿದವರೂ ಬಹಳ. ಕಂಪನಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಗಣಿಯಲ್ಲಿ ಸಾವಾದರೆ ಇನ್‌ಸ್ಪೆಕ್ಟರಿಗೆ ವರದಿ ಹೋಗಲೇಬೇಕಿತ್ತು. 1952ರ ಗಣಿ ಕಾಯ್ದೆಯಂತೆ ಪ್ರತಿ ಗಣಿಗೂ ಅರ್ಹತೆ ಪಡೆದ ಒಬ್ಬ ಮ್ಯಾನೇಜರ್ ಉತ್ತರದಾಯಿಯಾಗಿದ್ದ. ಗೋಡೆ ಬಿದ್ದರೆ ಅದು ಕೆಲಸಗಾರನ ಹಣೆಬರಹ ಎಂದು ಕೈತೊಳೆದುಕೊಳ್ಳುವುದು ಅಷ್ಟರಮಟ್ಟಿಗೆ ಕಷ್ಟವಾಯಿತು.

ಮೂರು ಕಿಲೋಮೀಟರಿನ ಶಾಫ್ಟ್‌ಗೂ ಹತ್ತಡಿ ಟ್ರೆಂಚ್‌ಗೂ ಎಲ್ಲಿಯ ಹೋಲಿಕೆ ಎಂಬ ಆಕ್ಷೇಪಕ್ಕೆ ನಿಯಮಗಳೇ ಉತ್ತರ ಕೊಡುತ್ತವೆ. ಲೋಹದ ಗಣಿಗಳಿಗಾಗಿ 1961ರಲ್ಲಿ ಬಂದ ನಿಯಮಾವಳಿಯ ಪ್ರಕಾರ, ತೆರೆದ ಗಣಿಯಲ್ಲಿ ನೆಲ ಮಣ್ಣು ಅಥವಾ ಮೊರಂ ಆಗಿದ್ದರೆ ಅಂಚನ್ನು 45 ಡಿಗ್ರಿ ಮೀರದಂತೆ ಇಳಿಜಾರು ಮಾಡಬೇಕು, ಇಲ್ಲವೇ ಒಂದೊಂದೂ 1.5 ಮೀಟರ್ ಮೀರದ ಮೆಟ್ಟಿಲುಗಳಾಗಿ ಕಡಿಯಬೇಕು. ಕಟ್ಟಡ ಕೆಲಸದ ಅಗೆತಕ್ಕೆ ಭಾರತೀಯ ಮಾನಕ ಐಎಸ್ 3764 ಹೇಳುವುದೂ ಇದನ್ನೇ: 1.5 ಮೀಟರಿಗಿಂತ ಆಳದ ಮಣ್ಣಿನ ಟ್ರೆಂಚ್‌ಗೆ ಆಸರೆ ಕಟ್ಟಬೇಕು, ತೆಗೆದ ಮಣ್ಣನ್ನು ಅಂಚಿನಿಂದ ದೂರ ಹಾಕಬೇಕು. ಅದಕ್ಕೆ ಕಾರಣ ತೂಕ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗೂ ಹೆಚ್ಚು ತೂಗುತ್ತದೆ. ಎದೆಮಟ್ಟ ಹೂತವನ ತಲೆ ಹೊರಗಿದ್ದರೂ ಪಕ್ಕೆಲುಬು ಅರಳಲು ಜಾಗವಿಲ್ಲದೆ ಉಸಿರು ನಿಲ್ಲುತ್ತದೆ. ಜೆಸಿಬಿ ತೆಗೆದ ಮಣ್ಣು ಅಂಚಿನಲ್ಲೇ ಗುಡ್ಡೆಯಾಗಿ, ಪಕ್ಕದಲ್ಲೇ ಲಾರಿ ಓಡಾಡುತ್ತಿದ್ದರೆ, ಬೆಳಿಗ್ಗೆ ಗಟ್ಟಿಯಾಗಿ ಕಂಡ ಗೋಡೆ ಮಧ್ಯಾಹ್ನ ಬಾಯಿಬಿಡಬಹುದು. ಒಂದು ದಿನದ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಎನ್ನುವ ಗುತ್ತಿಗೆದಾರನ ಮಾತಿನಲ್ಲಿ ಹುರುಳಿಲ್ಲ. ಕುಸಿತಕ್ಕೆ ಕ್ಷಣ ಸಾಕು. ಪೇಟೆ ಬೀದಿಯಲ್ಲಿ ಜಾಗವೆಲ್ಲಿದೆ ಎಂಬ ಮಾತು ಮಾತ್ರ ನಿಜ. ತಳ 1 ಮೀಟರ್, ಆಳ 3 ಮೀಟರ್ ಇದ್ದು 45 ಡಿಗ್ರಿ ಇಳಿಜಾರು ಬಿಟ್ಟರೆ ಬಾಯಿ 7 ಮೀಟರ್ ಆಗುತ್ತದೆ, ಅಂದರೆ ಬೀದಿಯೇ ಹೋಗುತ್ತದೆ. ಹಾಗಾದ್ದರಿಂದಲೇ ಅಲ್ಲಿ ಎರಡೂ ಬದಿಗೆ ಹಲಗೆ ಆನಿಸಿ ನಡುವೆ ಅಡ್ಡಗೂಟ ಬಿಗಿಯಬೇಕು, ಹತ್ತಿ ಬರಲು ಏಣಿ ಇಳಿಬಿಡಬೇಕು, ಆಮೇಲೆ ಆಳು ಇಳಿಯಬೇಕು.

ಹುಷಾರಾಗಿರಿ ಎಂದು ಮೇಸ್ತ್ರಿ ಕೂಗಿ ಹೇಳುತ್ತಾನಲ್ಲ ಎಂದರೆ, ಬಗ್ಗಿ ಪೈಪ್ ಕೂಡಿಸುತ್ತಿರುವವನಿಗೆ ಬೆನ್ನ ಹಿಂದಿನ ಬಿರುಕು ಕಾಣುವುದು ಹೇಗೆ? ನೋಡಬೇಕಾದವರು ಮೇಲಿರುವವರು. ಆದರೆ ಕಟ್ಟಡ ಕಾರ್ಮಿಕರಿಗೆಂದು ಬಂದ 1996ರ ಕಾಯ್ದೆಯನ್ನು ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗಷ್ಟೇ ಅನ್ವಯಿಸುವಂತೆ ಬರೆದರು. ಟ್ರೆಂಚ್ ಕೆಲಸಕ್ಕೆ ಒಂದು ಜೆಸಿಬಿ, ನಾಲ್ಕಾರು ಆಳು ಸಾಕು. ಆ ಲೆಕ್ಕದಲ್ಲಿ ಅವರು ಕಾಯ್ದೆಯ ಹೊರಗೇ ಉಳಿದರು. ಗುಂಡಿಯ ಆಳವನ್ನು ಅಳೆಯಬೇಕಾದ ಕಡೆ ಆಳುಗಳ ತಲೆ ಎಣಿಸಿದ್ದು ತಪ್ಪು. ಬೀದಿಯ ಕೆಲಸಕ್ಕೂ 1.5 ಮೀಟರೇ ಗೆರೆಯಾಗಲಿ: ಒಳಗೆ ಒಬ್ಬನೇ ಇರಲಿ, ಇಪ್ಪತ್ತು ಜನರಿರಲಿ, ಅದಕ್ಕಿಂತ ಆಳಕ್ಕೆ ತೋಡಿಸುವವನು ಆಸರೆಯ ಹೊಣೆ ಹೊತ್ತವರ ಹೆಸರನ್ನು ಟೆಂಡರ್ ಕಾಗದದಲ್ಲೇ ಬರೆಯಬೇಕು, ಹಲಗೆ ಮತ್ತು ಗೂಟದ ಖರ್ಚನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಬೇಕು.